ಮಿಡಿದ ಬೆಳಕಿನ ಅಪರಾಧಿ

ಚಳಿಗಾಲ ಬಲಿತು, ಹಗಲು ಮುಖ ತೋರಿಸಿ ಹೋಗುವ ನೆಂಟನಂತಾಗಿತ್ತು. ವೀಕ್ಷಣಾಲಯದ ಮಾಳಿಗೆಯಲ್ಲಿ ಅಕ್ಕ ಕ್ಯಾಮೆರಾದ ಗಾಜಿನ ಗುಮ್ಮಟದಿಂದ ಹಿಮ ಗುಡಿಸುತ್ತಿದ್ದಳು. ಅದು ಅವಳ ಕೆಲಸವಲ್ಲ. ಅವಳದು ಆಕಾಶದ ರೇಡಿಯೋ ಸದ್ದನ್ನು ಹಿಡಿದಿಡುವುದು. ಗುಡಿಸಬೇಕಾದ ತಮ್ಮ ಕೆಳಗೆ ಪೆಟ್ಟಿಗೆ ಕಟ್ಟುತ್ತಿದ್ದ.

ಅವನು ತೆಗೆದ ವಿಡಿಯೋ ಚಿತ್ರದಲ್ಲಿ ಧ್ರುವಪ್ರಭೆ ತೇಪೆ ತೇಪೆಯಾಗಿ ಹೊತ್ತಿ, ಆರಿ, ಮತ್ತೆ ಹೊತ್ತಿತ್ತು. ಮುಖ್ಯಸ್ಥರು ನಂಬಿರಲಿಲ್ಲ. "ಮಿಡಿಯೋ ಪ್ರಭೆ ಉಂಟು, ನನಗೂ ಗೊತ್ತು. ನಿನಗೆ ಬೇಕಾದ ದಿನವೇ ಬಂದುಬಿಡುತ್ತಾ? ಉಗ್ರಾಣದ ದೊಡ್ಡ ದೀಪ ಹಿಮದಲ್ಲಿ ಒದ್ದೆಯಾಗಿದೆ. ಗುಡ್ಡದಿಂದ ಅದನ್ನೇ ಆಕಾಶಕ್ಕೆ ಹಿಡಿದು ಆಡಿಸಿದ್ದೀಯ."

"ದೀಪ ಒಯ್ದಿದ್ದು ನಾನು, ಆಂಟೆನಾ ತಂತಿ ಬಿಗಿಯೋಕೆ," ಎಂದಿದ್ದಳು ಅಕ್ಕ.

"ತಮ್ಮನಿಗೆ ಅಕ್ಕನೇ ಸಾಕ್ಷಿ! ಚಿತ್ರ ನಿಜವಾದರೆ ಚಳಿಗಾಲ ಮುಗಿಯೋವರೆಗೂ ಇವನ ಪೊರಕೆ ನಾನೇ ಹಿಡೀತೀನಿ. ಸುಳ್ಳಾದರೆ ಇವನು ಮನೆಗೆ."

ಅಕ್ಕ ಈಗ ಪೊರಕೆ ಹಿಡಿದೇ ದೊಡ್ಡಮ್ಮನ ಕೋಣೆಗೆ ಓಡಿದಳು. ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದ, ಅಲ್ಲೇ ನೆಲೆಸಿದ್ದ ಆ ಹಿರಿಯ ವಿಜ್ಞಾನಿಯ ಬಳಿಗೆ ಕಳೆದುಹೋದ ಕೈಚೀಲದಿಂದ ಕೆಟ್ಟ ಲೆಕ್ಕದವರೆಗೆ ಎಲ್ಲ ಒಗಟೂ ಬರುತ್ತಿತ್ತು. ದೊಡ್ಡಮ್ಮ ಚಿತ್ರವನ್ನು ಮತ್ತೆ ಮತ್ತೆ ನೋಡಿ ಕೇಳಿದರು: "ಆ ಹೊತ್ತಿಗೆ ನಿನ್ನ ರೇಡಿಯೋ ಏನಂತಿತ್ತೇ?"

"ಬರೀ ಗದ್ದಲ, ದೊಡ್ಡಮ್ಮ. ಹಕ್ಕಿ ಹಿಂಡು ಚಿಲಿಪಿಲಿ ಅಂದ ಹಾಗೆ."

ದೊಡ್ಡಮ್ಮನ ಕಣ್ಣು ಮಿಂಚಿತು. "ಎಲ್ಲರನ್ನೂ ಊಟದ ಮನೆಗೆ ಕರಿ."

ಎಲ್ಲರೂ ಕೂತರು. ಗೋಡೆಯ ಮೇಲೆ ಚಿತ್ರ ಓಡಿತು.

"ತೇಪೆ ಆರಿದಾಗಲೂ ಪಕ್ಕದ ನಕ್ಷತ್ರ ಆರಿಲ್ಲ. ಹಾಗಾಗಿ ಕ್ಯಾಮೆರಾದ ತಪ್ಪಲ್ಲ," ಎಂದರು ದೊಡ್ಡಮ್ಮ. "ಕೆಳಗಿನ ದೀಪ ಆಕಾಶದಲ್ಲಿ ತೇಪೆಯಾಗಿ ಕಾಣಬೇಕಾದರೆ ಮೋಡ ಬೇಕು. ಇಲ್ಲಿ ತೇಪೆಯ ಮೂಲಕವೇ ನಕ್ಷತ್ರ ಕಾಣ್ತಿದೆ. ಮೋಡ ಎಲ್ಲಿದೆ? ಇನ್ನು ಇವಳ ಗದ್ದಲ ಕೇಳಿ."

ಚಿತ್ರದ ಜೊತೆಗೆ ಸದ್ದನ್ನೂ ಹಾಕಿದರು. ಚಿಲಿಪಿಲಿ ಎದ್ದಾಗ ತೇಪೆ ಬೆಳಗಿತು, ನಿಂತಾಗ ಮಂಕಾಯಿತು.

"ಭೂಮಿಯ ಕಾಂತಬಲಕ್ಕೆ ಸಿಕ್ಕಿಬಿದ್ದ ಎಲೆಕ್ಟ್ರಾನ್‌ಗಳು ತುಂಬಾ ಎತ್ತರದಲ್ಲಿ ಅತ್ತಿಂದಿತ್ತ ಓಡಾಡ್ತಿರುತ್ತವೆ. ಈ ಚಿಲಿಪಿಲಿಯ ರೇಡಿಯೋ ಅಲೆ ಬಂದಾಗೆಲ್ಲ ಒಂದಷ್ಟನ್ನು ಚದುರಿಸುತ್ತೆ. ಅವು ಇಳಿದು ಮೇಲಣ ಗಾಳಿಗೆ ಬಡಿದರೆ ಗಾಳಿ ಹೊಳೆಯುತ್ತೆ. ಅಲೆ ತಗ್ಗಿದರೆ ಹೊಳಪೂ ತಗ್ಗುತ್ತೆ. ಕೈ ಮಾಡಿದ್ದು ಎಲೆಕ್ಟ್ರಾನ್, ಎತ್ತಿಕಟ್ಟಿದ್ದು ಅಲೆ. ಹುಡುಗನದೇನಿದೆ? ಇವರ ಅಪ್ಪ ಅಮ್ಮ ಹೆಮ್ಮೆಪಡೋ ಮಕ್ಕಳು ಕಣ್ರೀ. ಒಬ್ಬ ಕಂಡ, ಒಬ್ಬಳು ಕೇಳಿಸಿಕೊಂಡಳು."

ಅಕ್ಕ ಆ ಚಿಲಿಪಿಲಿಗೆ ಮತ್ತೆ ಕಿವಿಗೊಟ್ಟಳು. ತಾನು ಗದ್ದಲವೆಂದು ಬೈದುಕೊಂಡೇ ಜೋಪಾನ ಮಾಡಿದ್ದ ಸದ್ದು! ತಮ್ಮ ಅವಳ ಭುಜಕ್ಕೆ ಭುಜ ತಾಗಿಸಿ ಕೂತ.

ಮುಖ್ಯಸ್ಥರು ಎದ್ದು ಬಂದು ಅವನ ಕೈ ಹಿಡಿದರು. "ತಪ್ಪಾಯ್ತಪ್ಪಾ." ಆಮೇಲೆ ಕಿವಿಯವರೆಗೆ ಟೋಪಿ ಎಳೆದುಕೊಂಡು ಕೇಳಿದರು: "ಎಲ್ಲಿ ಆ ಪೊರಕೆ?"

ಅಕ್ಕ ತಲೆಯೆತ್ತಿ ನಿಂತು ಅದನ್ನು ಅವರ ಕೈಗಿತ್ತಳು. "ಮೆಲ್ಲಗೆ ಗುಡಿಸಿ, ಸಾರ್. ಗಾಜಿಗೆ ಗೀರು ಬೀಳಬಾರದು."