ಬಂಗುಡೆ ಬಲೆಯ ಅಳತೆ

ಕೈಗವಸು ಬೆಚ್ಚಗಾಯಿತೆಂದರೆ ಪಕ್ಕದಲ್ಲಿ ಕೂತವಳ ಎದೆ ಭಾರವಾಗಿದೆ ಎಂದರ್ಥ. ಹಾವೇರಿ ಬಯಲಿನ ಪುನರ್ವಸತಿ ಕಾಲೊನಿಯಲ್ಲಿ, ತೋಟಗಳಿಗೆ ನೆರಳುಬಲೆ ಹೆಣೆಯುವ ಶೆಡ್ಡಿನೊಳಗೆ, ಇದು ದಿನನಿತ್ಯದ ಸಂಗತಿ. ಗವಸಿನ ಸೂಕ್ಷ್ಮ ಎಳೆಗಳು ನಾಡಿಯಿಂದ, ಬೆವರಿನಿಂದ ಮನಸ್ಸಿನ ಕುಸಿತವನ್ನು ಅಳೆದು ನೆರೆಯವಳ ಗವಸಿಗೆ ತಿಳಿಸುತ್ತವೆ. ಅವಳು ಎದ್ದು ಬಂದು ಜೊತೆಗೆ ಕೂರುತ್ತಾಳೆ. ಕೂತ ಹೊತ್ತಿಗೂ ಕೂಲಿ ಉಂಟು. ದುಡಿಮೆಗೊಂದು ಇಲಾಖೆ, ದುಃಖಕ್ಕೊಂದು ಇಲಾಖೆ ಏಕೆ ಎಂದು ಹಟ ಹಿಡಿದು ಇದನ್ನು ಮಾಡಿದವಳು ವಿಜ್ಞಾನಿ ಗಿರಿಜಾ ಬಣಕಾರ.

ಹೊನ್ನಾವರದ ಕಡೆಯ, ಕಡಲು ನುಂಗಿದ ಕೇರಿಯಿಂದ ಬಂದ ನಾಗವೇಣಿ ಮಾತ್ರ ಯಾರ ಗವಸನ್ನೂ ಬಿಸಿ ಮಾಡಲಿಲ್ಲ. ಗಂಡನನ್ನೂ ಮನೆಯನ್ನೂ ಒಂದೇ ಉಬ್ಬರಕ್ಕೆ ಕಳೆದುಕೊಂಡವಳು ಇಷ್ಟು ಬೇಗ ಚೇತರಿಸಿಕೊಂಡಳಲ್ಲ ಎಂದು ಗಿರಿಜಾ ಹಿರಿಹಿರಿ ಹಿಗ್ಗಿದಳು. ತೋಟದವರು ನಾಗವೇಣಿಯ ಬಲೆಯನ್ನು ವಾಪಸು ಕಳಿಸಿದಾಗ ಆ ಹಿಗ್ಗು ಇಳಿಯಿತು. ಬಿಸಿಲು ತಡೆಯಬೇಕಾದ ಬಲೆಯಲ್ಲಿ ಎರಡೆರಡು ಬೆರಳು ತೂರುತ್ತಿದ್ದವು. ಅದು ಬಂಗುಡೆ ಮೀನು ಹಿಡಿಯುವ ಬಲೆಯ ಅಳತೆ.

“ನಾ ಇಲ್ಲೇ ಕೂತಿದ್ದೆ ಡಾಕ್ಟರಮ್ಮ. ಕೈ ಊರಲ್ಲೇ ಉಳ್ಕಂಡಿತ್ತು, ನಂಗೇ ಗೊತ್ತಾಗ್ಲಿಲ್ಲ,” ಎಂದಳು ನಾಗವೇಣಿ, ಗಿರಿಜಾಗೆ.

ಇನ್ನೊಮ್ಮೆ ತಪ್ಪಿದರೆ ಕೆಲಸದಿಂದ ಬಿಡಿಸುತ್ತೇನೆಂದು ಮೇಲ್ವಿಚಾರಕ ಚನ್ನಬಸಪ್ಪ ಖಡಾಖಂಡಿತವಾಗಿ ಹೇಳಿದ. ಗಿರಿಜಾ ನಾಗವೇಣಿಯ ಗವಸನ್ನು ತಿದ್ದಿದಳು. ಅಳತೆ ತಪ್ಪಿದರೆ ಅದು ಬೆರಳನ್ನು ಮೆಲ್ಲಗೆ ಅದುರಿಸುತ್ತಿತ್ತು. ಬಲೆ ಸರಿಯಾಯಿತು. ಆದರೆ ಅಂದಿನಿಂದ ಪಕ್ಕದ ಪದ್ಮಾವತಿಯ ಗವಸು ಆರಲೇ ಇಲ್ಲ; ಪಾಪ, ಎದ್ದು ಬಂದು ಬಂದು ಅವಳು ಸುಸ್ತಾದಳು. ಗಿರಿಜಾಗೆ ನಾಚಿಕೆಯಾಯಿತು. ತಾನು ನೆಮ್ಮದಿ ಎಂದುಕೊಂಡದ್ದು ಊರು ಬಿಡದ ಕೈಯನ್ನು. ಈಗ ಆ ಕೈಗೂ ಊರು ಬಿಡಿಸಿದವಳು ತಾನೇ.

“ಹಗಲೆಲ್ಲ ನಿಮ್ಮ ಬಲೆ ಹೆಣೀತೇನೆ,” ಎಂದಳು ನಾಗವೇಣಿ. “ಸಂಜೆ ಸ್ವಲ್ಪ ಹೊತ್ತು ನಮ್ಮ ಬಲೆ ಹೆಣೀಲಿಕ್ಕೆ ಬಿಡಿ. ಗವಸು ಬೇಡ.”

ಗಿರಿಜಾ ಒಪ್ಪಿದಳು, ಆ ಹೊತ್ತಿಗೂ ಕೂಲಿ ಬರೆಸಿದಳು. ಅವಳ ಕೇರಿಯಿಂದ ಬಂದ ಹೆಂಗಸರೆಲ್ಲ ಜೊತೆಗೆ ಕೂತರು. ಹೆಣೆಯುತ್ತಲೇ ನಾಗವೇಣಿ ಮೊದಲ ಸಲ ಗಂಡನ ಹೆಸರು ಹೇಳಿ ಅತ್ತಳು. ಹಗಲಿನ ಬಲೆಯ ಅಳತೆ ಮತ್ತೆ ತಪ್ಪಲಿಲ್ಲ.

ಶೆಡ್ಡಿನ ಮೂಲೆಯಲ್ಲಿ ಬಂಗುಡೆ ಬಲೆಗಳು ರಾಶಿ ಬಿದ್ದವು.

“ಅಲ್ರೀ ಮೇಡಂ, ಇಲ್ಲಿ ಸಮುದ್ರ ಎಲ್ಲೈತ್ರಿ? ಇವನ್ನ ಯಾರಿಗೆ ಕೊಡೂದು?” ಎಂದ ಚನ್ನಬಸಪ್ಪ.

“ಯಾರಿಗೂ ಕೊಡೂದಲ್ರೀ. ಹೊರಡೂ ಮುಂದ ಏನೇನ ಬೇಕಂತ ಇವರನ್ನ ಯಾರೂ ಕೇಳಿದ್ದಿಲ್ಲ,” ಎಂದಳು ಗಿರಿಜಾ.

ಕೇಳಲು ಕಾಲವಿತ್ತು. ಅದು ಇದೆಲ್ಲಕ್ಕೂ ಎಷ್ಟೋ ವರ್ಷ ಹಿಂದಿನ, ಇದನ್ನು ಓದುತ್ತಿರುವವರ ಕಾಲ. ಕಡಲಿನ್ನೂ ಕೇರಿಯನ್ನು ಮುಟ್ಟಿಲ್ಲ. ನಾಗವೇಣಿಯ ತಾಯಿ ದಂಡೆಯ ಮೇಲೆ ಬಲೆ ಹೆಣೆಯುತ್ತ ಕೂತಿದ್ದಾಳೆ.