ಮುದ್ರೆಗೆ ಬಿದ್ದ ಮೊದಲ ಏಟು

"ಯಾರೂ ಬಸ್ಸಿನಿಂದ ಇಳೀಬೇಡಿ!" ಎಂದು ಪಿಂಗಾಣಿ ಮನೆತನದ ಯಜಮಾನರ ತಮ್ಮನ ಮಗ ಕ್ಯೋಹೇಯಿ ಗೇಟಿಗೆ ಅಡ್ಡ ನಿಂತಾಗ ನನಗೆ ಸಿಟ್ಟು ನೆತ್ತಿಗೇರಿತು. ಅರಿತಾ ಊರಿನ ಪಿಂಗಾಣಿ ಸುಡುವ ಗೂಡುಗಳನ್ನು ನೋಡಲು ಬರುವವರ ಬಸ್ಸಿಗೆ ನಾನು ಡ್ರೈವರ್. ಈ ಎಗುಚಿಯ ಬಸ್ಸು ಬಂದರೆ ತೆರೆಯದ ಗೇಟು ನಮ್ಮೂರಲ್ಲಿಲ್ಲ.

"ತಲೆ ಕೆಟ್ಟಿದೆಯೇನೋ? ಇವತ್ತು ನಿಮ್ಮನೇಲಿ ಮನೆತನದ ಹೆಸರು ಒಪ್ಪಿಸೋ ಸಮಾರಂಭ ಅಂತ ತಾನೇ ಇವರನ್ನೆಲ್ಲ ಮತ್ತೆ ಕರ್ಕೊಂಡು ಬಂದಿರೋದು?"

"ಎಲ್ಲಿಯ ಸಮಾರಂಭ ಎಗುಚಿ ಮಾಮ? ತಂಗಿ ಕಿಯೋನೋ ಮಾಡಿದ ತಟ್ಟೆ ಚೂರುಚೂರಾಗಿದೆ. ನಾನೇ ಒಡೆದೆ ಅಂತ ದೊಡ್ಡಪ್ಪ ಕೂಗಾಡ್ತಿದಾರೆ. ಸಂಜೆಯೊಳಗೆ ಮನೆ ಬಿಡಬೇಕಂತೆ."

ಅಷ್ಟರಲ್ಲಿ ಮಿತ್ಸುಯೋ ಅಕ್ಕ ನನ್ನ ಪಕ್ಕದ ಸೀಟಿನಿಂದ ಇಳಿದೇಬಿಟ್ಟಿದ್ದಳು. ಅವಳು ನಮ್ಮ ಪ್ರವಾಸದ ಗೈಡ್. ಊರಲ್ಲಿ ಏನೇ ಕಳುವಾಗಲಿ, ಯಾರೇ ಸುಳ್ಳು ಹೇಳಲಿ, ಜನ ಪೊಲೀಸರ ಹತ್ತಿರ ಹೋಗುವ ಮೊದಲು ಅವಳ ಬಾಗಿಲು ತಟ್ಟುತ್ತಾರೆ. ಅಂಥ ಎಷ್ಟೋ ಪ್ರಕರಣಗಳಲ್ಲಿ ಜೊತೆಗಿದ್ದವನು ನಾನು ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಹಿಂದಿನ ದಿನ ಇದೇ ಪ್ರವಾಸಿಗರ ಎದುರಿಗೆ ಇಲ್ಲಿ ಗೂಡು ತೆರೆದಿದ್ದರು. "ಈ ಮನೆಯಿಂದ ಕೊರತೆ ಇರೋ ಪಾತ್ರೆ ಹೊರಗೆ ಹೋಗಲ್ಲ," ಎಂದು ಅಕ್ಕ ಎಲ್ಲರಿಗೂ ವಿವರಿಸಿದ್ದಳು. "ಬೋರಲು ಹಾಕಿ ಸುತ್ತಿಗೇಲಿ ಒಡೆದುಬಿಡ್ತಾರೆ, ತಳದಲ್ಲಿರೋ ಮನೆತನದ ಮುದ್ರೆಗೇ ಮೊದಲ ಏಟು. ಹೆಸರಿರೋ ಚೂರನ್ನೂ ಯಾರೂ ಮಾರಬಾರದು ನೋಡಿ." ಯಜಮಾನರಾದ ಜಿನ್‌ಬೇಯಿ ತಮ್ಮ ಮಗಳು ಕಿಯೋನೋಳ ದೊಡ್ಡ ತಟ್ಟೆಯನ್ನು ತಾವೇ ಹೊರತೆಗೆದು, ಬೆರಳಿನಿಂದ ಉದ್ದಗಲಕ್ಕೂ ಸವರಿ, ಉಗುರಿನಿಂದ ತಟ್ಟಿ ಕಿವಿಗೊಟ್ಟರು. "ಇದರಲ್ಲಿ ಒಂದು ಕೊರತೆ ಹುಡುಕಿ ನೋಡೋಣ! ನಾಳೆಯಿಂದ ಈ ಮನೆ ಹೆಸರು ನನ್ನ ಮಗಳದ್ದು!" ಎಂದು ಸಾರಿದರು. ಅಂಚಿನಲ್ಲಿ ನೀಲಿ ಗೆರೆಗಳ ಒಂದು ಬೆಳ್ಳಕ್ಕಿ, ಉಳಿದದ್ದೆಲ್ಲ ಬರೀ ಬಿಳಿ ಆಕಾಶ. ನಮ್ಮೂರಿನ ಕೈ ಇದು ಎಂದು ನನ್ನ ಎದೆ ಉಬ್ಬಿಹೋಗಿತ್ತು.

ಪ್ರವಾಸಿಗರಲ್ಲಿ ತೊರಿಯುಮಿ ಎಂಬ ನಿವೃತ್ತ ಮೇಷ್ಟ್ರೊಬ್ಬರಿದ್ದರು, ಬಾಯಿ ಮುಚ್ಚುವ ಪೈಕಿಯಲ್ಲ. "ಆ ದೂರದ ಪುಟ್ಟ ಹಕ್ಕಿ ನೋಡಿ, ಆಹಾ!" ಎಂದು ಅವರು ಉದ್ಗರಿಸಿದ್ದರು. ಪ್ರವಾಸಿಗರು ಏನೇನೋ ಹೇಳುತ್ತಾರೆ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಯಜಮಾನರು ಪ್ರೀತಿಯಿಂದ ನನಗೆ ಚಹಾ ಬಗ್ಗಿಸಿದರು. ಲೋಟ ತುಂಬಿ ನನ್ನ ಪ್ಯಾಂಟಿನ ಮೇಲೆಲ್ಲ ಹರಿಯಿತು. "ಹಾಳು ಲೋಟ, ಇಷ್ಟು ಚಿಕ್ಕದಾ?" ಎಂದು ಲೋಟವನ್ನೇ ಬೈದರು.

ಈಗ ಅದೇ ಯಜಮಾನರ ಗುಡುಗು ಕಾರ್ಯಾಗಾರದಿಂದ ಅಂಗಳದವರೆಗೂ ಕೇಳುತ್ತಿತ್ತು. ನೆಲದ ಮೇಲೆ ಹುಲ್ಲುಚಾಪೆ, ಚಾಪೆಯ ಮೇಲೆ ತಟ್ಟೆಯ ಚೂರುಗಳು.

"ಕೈ ಜಾರಿ ನಾನೇ ಬೀಳಿಸಿದೆ ಅಪ್ಪಾ. ಬೆಳಗ್ಗೆಯಿಂದ ಅದನ್ನೇ ಹೇಳ್ತಿದೀನಿ," ಎಂದಳು ಕಿಯೋನೋ.

"ನಿನ್ನ ಕೈ ಜಾರೋದಾ? ಹುಟ್ಟಿದಾಗಿನಿಂದ ಒಂದು ಚಮಚ ಬೀಳಿಸಿದವಳಲ್ಲ ನೀನು! ಅಣ್ಣನ್ನ ಉಳಿಸೋಕೆ ನೋಡ್ತಿದೀಯ. ಹೆಸರು ತನಗೇ ಬರತ್ತೆ ಅಂತ ಕಾದು ಕೂತಿದ್ದವನು ಇವನು!"

ಕ್ಯೋಹೇಯಿ ತಲೆ ತಗ್ಗಿಸಿದ. ಹೆಸರಿನ ಆಸೆ ಅವನಿಗಿದ್ದದ್ದು ಊರಿಗೇ ಗೊತ್ತು.

ಅಕ್ಕ ಚಾಪೆಯ ಪಕ್ಕ ಮಂಡಿಯೂರಿ ಚೂರುಗಳನ್ನು ಜೋಡಿಸತೊಡಗಿದಳು. ನೆರವಾಗಲು ಹೋದೆ. "ಎಗುಚಿ, ನಿನ್ನ ದಪ್ಪ ಬೆರಳು ದೂರ ಇಡಪ್ಪ," ಎಂದಳು. ಬೆಳ್ಳಕ್ಕಿ ಮತ್ತೆ ಎದ್ದು ನಿಂತಿತು. ತಳದ ಮುದ್ರೆ ಮಾತ್ರ ಪುಡಿಪುಡಿಯಾಗಿತ್ತು. ಬಿಳಿ ಆಕಾಶದ ನಡುವೆ ಒಂದು ಚೂರಿನ ಜಾಗ ಖಾಲಿ ಉಳಿಯಿತು. ಚಾಪೆ ಒದರಿದೆ, ಮೂಲೆ ಮೂಲೆ ಹುಡುಕಿದೆ, ಸಿಗಲಿಲ್ಲ. ಗೋಡೆಗೆ ಅಂಟಿಸಿದ್ದ ತಟ್ಟೆಯ ನಕ್ಷೆಯನ್ನು ಅಕ್ಕ ಬಹಳ ಹೊತ್ತು ನೋಡಿದಳು. ಅದರಲ್ಲೂ ಬೆಳ್ಳಕ್ಕಿ ಒಂದೇ.

ಕಿಯೋನೋಳನ್ನು ಅವಳು ಹಿತ್ತಲಿಗೆ ಕರೆದೊಯ್ದಳು. ಬಾಗಿಲ ಹತ್ತಿರವೇ ಇದ್ದ ನನಗೆ ಎರಡು ಮಾತು ಕೇಳಿಸಿತು.

"ದಮ್ಮಯ್ಯ ಅಕ್ಕ, ಹೇಳಬೇಡಿ."

"ಹೇಳದಿದ್ರೆ ಕ್ಯೋಹೇಯಿ ಬೀದಿಪಾಲಾಗ್ತಾನಲ್ಲೇ ಹುಡುಗಿ. ನಿಮ್ಮಪ್ಪನನ್ನ ನೀನು ಅಷ್ಟು ಚಿಕ್ಕೋರು ಅಂದ್ಕೊಂಡಿದೀಯಾ?"

ಪ್ರವಾಸಿಗರನ್ನು ಅಂಗಳದಲ್ಲೇ ಕೂರಿಸಿ, ಮನೆಯವರನ್ನೂ ತೊರಿಯುಮಿ ಮೇಷ್ಟ್ರನ್ನೂ ಒಳಗೆ ಸೇರಿಸಿ, ಅಕ್ಕ ಬಾಗಿಲು ಎಳೆದಳು. ನನ್ನನ್ನು ಹೊರಗಿಡಲು ಅವಳಿಗೂ ಸಾಧ್ಯವಿರಲಿಲ್ಲ.

"ಯಜಮಾನ್ರೇ, ಒಡೆದದ್ದು ಯಾರು ಅನ್ನೋದರಲ್ಲಿ ನಿಮ್ಮ ಮಗಳು ನಿಜ ಹೇಳಿದಾಳೆ. ಹೇಗೆ ಒಡೀತು ಅನ್ನೋದರಲ್ಲಿ ಮಾತ್ರ ಸುಳ್ಳು."

"ಏನಂದೆ?"

"ಕೈ ಜಾರಿದ ತಟ್ಟೆ ಅಂಚಿನಿಂದ ಒಡೆದು ಚೂರು ನಾಲ್ಕು ಕಡೆ ಹಾರತ್ತೆ. ಇದು ಚಾಪೆ ಮೇಲೆ ಬೋರಲು ಮಲಗಿತ್ತು. ಏಟು ಬಿದ್ದಿರೋದು ತಳಕ್ಕೆ, ನೇರ ಮುದ್ರೆಗೆ. ಹೊಟ್ಟೆಕಿಚ್ಚಿನವನು ಚಿತ್ರಕ್ಕೆ ಹೊಡೀತಿದ್ದ. ಮುದ್ರೆಗೆ ಮೊದಲು ಹೊಡೆದವರು ಇದು ಕೊರತೆ ಇರೋ ಪಾತ್ರೆ ಅಂತ ತೀರ್ಪು ಕೊಟ್ಟೇ ಹೊಡೆದಿದಾರೆ."

"ಕೊರತೆಯಾ? ನಾನು ಒಪ್ಪಿದ ತಟ್ಟೇಲಿ?" ಯಜಮಾನರು ಎದ್ದೇಬಿಟ್ಟರು.

"ಮೇಷ್ಟ್ರೇ, ನಿನ್ನೆ ತಟ್ಟೇಲಿ ಏನು ನೋಡಿದ್ರಿ?"

"ದೂರದಲ್ಲಿ ಒಂದು ಪುಟ್ಟ ಹಕ್ಕಿ. ಕರ್ರಗೆ, ಚುಕ್ಕೆ ಥರ," ಎಂದರು ಮೇಷ್ಟ್ರು, ಈ ಸಲ ಮೆಲ್ಲಗೆ.

"ನಕ್ಷೇಲಿ ಆ ಹಕ್ಕಿ ಇಲ್ಲ. ಕಿಯೋನೋ ಅದನ್ನ ಬರೆದೇ ಇಲ್ಲ. ಮಣ್ಣಲ್ಲಿ ಅಡಗಿದ್ದ ಕಬ್ಬಿಣದ ಕಣ ಬೆಂಕೀಲಿ ಕಪ್ಪು ಚುಕ್ಕೆಯಾಗಿದೆ. ಮೇಲೆ ನುಣುಪಾದ ಲೇಪ. ಬೆರಳಿಗೆ ಸಿಗಲ್ಲ, ಸದ್ದಿಗೂ ಸಿಗಲ್ಲ. ಕಣ್ಣಿಗೆ ಮಾತ್ರ ಸಿಗತ್ತೆ." ಅಕ್ಕನ ದನಿ ತಗ್ಗಿತು. "ನಿನ್ನೆ ನೀವು ತಟ್ಟೇನ ಸವರಿದ್ರಿ, ತಟ್ಟಿ ಕೇಳಿದ್ರಿ. ಆಮೇಲೆ ಎಗುಚಿ ಪ್ಯಾಂಟಿಗೆ ಚಹಾ ಬಗ್ಗಿಸಿದ್ರಿ."

ಕಿಯೋನೋ ಅಂಗಿಯ ತೋಳಿನೊಳಗಿನಿಂದ ಒಂದು ಬಿಳಿ ಚೂರನ್ನು ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು.

"ಇದು ಕೊರತೆ ಅಂದ್ರೆ, ನಿಮಗೆ ಕಣ್ಣು ಕಾಣಲ್ಲ ಅಂತ ಊರೆದುರು ಸಾರಿದ ಹಾಗೆ. ಸುಮ್ಮನಿದ್ರೆ ಚುಕ್ಕೆ ಬಿದ್ದ ತಟ್ಟೆ ನಮ್ಮ ಹೆಸರು ಹೊತ್ತು ನಿಲ್ಲತ್ತೆ. ನನಗೆ ಎರಡೂ ಆಗಲಿಲ್ಲ ಅಪ್ಪಾ. ನನಗೆ ಹೆಸರು ಸಿಗದಿದ್ರೂ ಬೇಡ ಅಂತ ಒಡೆದೆ."

ಯಜಮಾನರು ಚೂರನ್ನು ಕಣ್ಣಿನ ತೀರಾ ಹತ್ತಿರ ಹಿಡಿದರು, ಬೆಳಕಿಗೆ ತಿರುಗಿಸಿದರು. ಕೊನೆಗೆ ತಲೆ ಅಲ್ಲಾಡಿಸಿದರು. ಅವರಿಗೆ ಚುಕ್ಕೆ ಕಾಣಲಿಲ್ಲ.

ಮೊದಲು ಅವರು ಹೋದದ್ದು ಕ್ಯೋಹೇಯಿಯ ಮುಂದೆ. ಆ ಬಿಗಿ ಬೆನ್ನು ಯಾರೆದುರೂ ಅಷ್ಟು ಬಾಗಿದ್ದನ್ನು ನಾನು ಕಂಡಿರಲಿಲ್ಲ. "ತಪ್ಪಾಯ್ತು ಕಣೋ."

"ಏಳಿ ದೊಡ್ಡಪ್ಪ, ಸೊಂಟ ಹಿಡ್ಕೊಂಡೀತು," ಎಂದು ಕ್ಯೋಹೇಯಿ ಕಣ್ಣೊರೆಸಿಕೊಂಡ.

ಆಮೇಲೆ ಯಜಮಾನರು ತಾವೇ ಬಾಗಿಲು ಸರಿಸಿದರು. "ಎಲ್ಲರೂ ಒಳಗೆ ಬನ್ನಿ! ನನ್ನ ಕಣ್ಣು ಹೋಗಿದೆ, ಆದ್ರೆ ಈ ಮನೆಯ ಕಣ್ಣು ಹೋಗಿಲ್ಲ!" ಎಂದು ಕೂಗಿ, ಅದೇ ಗೂಡಿನಲ್ಲಿ ಬೆಂದ ತಮ್ಮ ಹೂದಾನಿಯನ್ನು ಮಗಳ ಮುಂದಿಟ್ಟರು. "ನೋಡು."

ಕಿಯೋನೋ ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದಳು.

"ಹೇಳು ಮಗಳೇ."

"ಕುತ್ತಿಗೆ ಹತ್ತಿರ ಕಲೆ ಇದೆ, ಅಪ್ಪಾ."

"ಮತ್ತೆ ಇನ್ನೇನು ಕಾಯ್ತಿದೀಯ?" ಎಂದು ಸುತ್ತಿಗೆಯನ್ನು ಅವಳ ಕೈಗಿತ್ತರು.

ಅವಳು ಹೂದಾನಿಯನ್ನು ಚಾಪೆಯ ಮೇಲೆ ತಲೆಕೆಳಗಾಗಿಸಿದಳು. ಮೊದಲ ಏಟು ಅಪ್ಪನ ಮುದ್ರೆಗೇ ಬಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಡ್ರೈವರ್ ಅಳಬಾರದು ಎಂದು ಎಲ್ಲೂ ಬರೆದಿಲ್ಲ.

ಸದ್ದು ಅಡಗುವವರೆಗೆ ಕಣ್ಣು ಮುಚ್ಚಿ ನಿಂತಿದ್ದ ಯಜಮಾನರು ನಮ್ಮತ್ತ ತಿರುಗಿದರು. ಮುಖದ ತುಂಬ ನಗು.

"ಎಲ್ಲರಿಗೂ ಕೇಳಿಸ್ತಲ್ಲ? ಇನ್ಮೇಲೆ ಹೆಸರು ಇವಳದ್ದು."