ಚಿಪ್ಪಿನ ಗುರುತಿನ ಪೆನ್ನಿ

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಇಂಗ್ಲೆಂಡಿನಲ್ಲಿ ಚಲಾವಣೆಯಲ್ಲಿಲ್ಲ. ಇದ್ದಿದ್ದರೆ ಕ್ಲೆಮೆಂಟ್ ಆಕ್ಸ್‌ಲೇಡ್ ಅದನ್ನು ಬಾಗಿಲ ಮೇಲೆ ಕೆತ್ತಿಸಿಕೊಳ್ಳುತ್ತಿದ್ದ. ಥೇಮ್ಸ್ ದಂಡೆಯ ಆ ಸಣ್ಣ ಊರಿನ ನಾಣ್ಯ ಸಂಘದಲ್ಲಿ, ಎಷ್ಟೇ ಸವೆದ ಹಳೆಯ ಬೆಳ್ಳಿ ಪೆನ್ನಿಯಾದರೂ ಅದು ಯಾವ ಟಂಕಸಾಲೆಯದೆಂದು ಹೇಳಬಲ್ಲವನು ಅವನೊಬ್ಬನೇ. ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಆದರೆ ಹತ್ತಿರದ ರೆಡಿಂಗ್ ಪಟ್ಟಣದ ಮಠದ ಟಂಕಸಾಲೆಯ ಪೆನ್ನಿ ಮಾತ್ರ ಅವನ ಕೈಗೆ ಎಂದೂ ಸಿಕ್ಕಿರಲಿಲ್ಲ. ಆ ಪೆನ್ನಿಯ ಹಿಂಬದಿಯ ಶಿಲುಬೆಯ ಒಂದು ಮೂಲೆಯಲ್ಲಿ, ಬೇರೆ ಪೆನ್ನಿಗಳಲ್ಲಿರುವ ಮೂರು ಚುಕ್ಕಿಗಳ ಬದಲು, ಪುಟ್ಟದೊಂದು ಕಡಲಚಿಪ್ಪು ಇರುತ್ತದೆ. ಆ ಚಿಪ್ಪು ಅವನಿಗೆ ಕನಸಿನಲ್ಲೂ ಕಾಣುತ್ತಿತ್ತು.

ಸಿಕ್ಕಿದ್ದು ವೀರಾ ಪೋಕಾಕಳಿಗೆ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾಗಿ ಸಂಘ ಸೇರಿದ್ದ ಈಕೆ ಲೋಹಶೋಧಕ ಕೊಂಡಿದ್ದೇ ಹುಲ್ಲುಗಾವಲಿನಲ್ಲಿ ಕಳೆದುಹೋದ ತನ್ನ ಓಲೆಯನ್ನು ಹುಡುಕಲು. ಓಲೆ ಸಿಗಲಿಲ್ಲ.

"ನೋಡಿ ಮೇಷ್ಟ್ರೇ, ಪಾಪ, ರಾಜನ ಮೂಗೇ ಸವೆದೋಗಿದೆ. ಇವನು ಯಾವೂರಿನೋನು ಅಂತ ಹೇಳಿ," ಎಂದು ಸಭೆಯ ಚಹಾದ ಹೊತ್ತಿನಲ್ಲಿ ಚಾಕಲೇಟಿನ ಬೆಳ್ಳಿ ಹಾಳೆಯ ಪುಟ್ಟ ಪೊಟ್ಟಣವೊಂದನ್ನು ಅವನ ಕೈಗಿಟ್ಟಳು.

ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಭೂತಗನ್ನಡಿಯಲ್ಲಿ ನೋಡಿದರೆ, ಓರೆ ಬೆಳಕಿಗೆ ಕಂಡೂ ಕಾಣದಂತೆ, ಚಿಪ್ಪು. ಅವನ ಹೊಟ್ಟೆ ಧಗಧಗ ಉರಿಯಿತು.

"ಕಷ್ಟ ಇದೆ ವೀರಾ. ಮನೆಗೆ ಒಯ್ದು ನಿಧಾನಕ್ಕೆ ನೋಡ್ತೀನಿ."

"ನೋಡಿ ನೋಡಿ, ಅವಸರ ಇಲ್ಲ. ನಮ್ಮ ಸೀಮೇದೇ ಆಗಿದ್ರೆ ಚರ್ಚಿಗೆ ಕೊಟ್ಬಿಡ್ತೀನಿ. ಅಲ್ಲೊಂದು ಗಾಜಿನ ಪೆಟ್ಟಿಗೆ ಖಾಲಿ ಬಿದ್ದಿದೆ."

ಚರ್ಚಿನ ಗಾಜಿನ ಪೆಟ್ಟಿಗೆ! ಕೇಕ್ ಮಾರಾಟದ ಚೀಟಿಗಳ ಪಕ್ಕದಲ್ಲಿ ರೆಡಿಂಗ್ ಪೆನ್ನಿ! ಮನೆ ಮುಟ್ಟುವಷ್ಟರಲ್ಲಿ ಕ್ಲೆಮೆಂಟನ ಲೆಕ್ಕದಲ್ಲಿ ಅದನ್ನು ಎಗರಿಸುವುದು ಕಳ್ಳತನವಾಗಿ ಉಳಿದಿರಲಿಲ್ಲ, ಪುಣ್ಯಕಾರ್ಯವಾಗಿತ್ತು.

ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ತನ್ನ ಪೆಟ್ಟಿಗೆಯಿಂದ ಅದೇ ರಾಜನ, ಅಷ್ಟೇ ಸವೆದ, ಅಂಚು ಅಷ್ಟೇ ತಿಂದುಹೋದ ಲಂಡನ್ ಪೆನ್ನಿಯೊಂದನ್ನು ಆರಿಸಿದ. ಅದನ್ನು ಗಟ್ಟಿ ಚಹಾದಲ್ಲಿ ನೆನೆಸಿ, ಹೊಳೆಯ ಕೆಸರಿನಲ್ಲಿ ತಿಕ್ಕಿ, ಬಣ್ಣ ಕೂಡಿಸಿದ. ವೀರಾ ಫೋನಿನಲ್ಲಿ ತೆಗೆದ ಚಿತ್ರದ ಯೋಚನೆಯೂ ಬಂತು. ಅವಳು ಎಲ್ಲರಿಗೂ ತೋರಿಸಿದ್ದ ಆ ಚಿತ್ರದಲ್ಲಿ ಸ್ಪಷ್ಟವಾಗಿದ್ದದ್ದು ಅವಳ ಹೆಬ್ಬೆರಳೊಂದೇ. ಇನ್ನು ಸಂಘದವರೋ, ಅವರ ಭಯ ಅವನಿಗೆ ಎಳ್ಳಷ್ಟೂ ಇರಲಿಲ್ಲ. ಪ್ರತಿ ಶರತ್ಕಾಲದಲ್ಲೂ ಅವನು ಸವೆದ ನಾಣ್ಯ ಓದುವ ಪಾಠ ಮಾಡುತ್ತಿದ್ದ: ಬೆಳಕು ಹೇಗೆ ಹಿಡಿಯಬೇಕು, ಅಚ್ಚು ಹೇಗೆ ತೆಗೆಯಬೇಕು, ಎಲ್ಲ. ಅವರ ಕಣ್ಣು ಮಾತ್ರ ಬಿಸ್ಕತ್ತಿನ ತಟ್ಟೆಯ ಮೇಲೆ. ಒಬ್ಬರಾದರೂ ಮನೆಗೆ ಹೋಗಿ ಮಾಡಿ ನೋಡಿದ್ದಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಕೊನೆಗೂ ಉಪಯೋಗಕ್ಕೆ ಬಂತು ಎಂದುಕೊಂಡು ಕ್ಲೆಮೆಂಟ್ ನಕ್ಕ.

ಅಚ್ಚುಕಟ್ಟಿನ ಮನುಷ್ಯ. ಲಂಡನ್ ಪೆನ್ನಿಯನ್ನು ಅವಳದೇ ಚಾಕಲೇಟ್ ಹಾಳೆಯಲ್ಲಿಟ್ಟು, ಮೊದಲಿದ್ದ ಮಡಿಕೆಗಳಲ್ಲೇ ಮಡಿಸಿ, ಮುಂದಿನ ಬುಧವಾರ ಸಭೆಗೆ ತಂದ.

"ಲಂಡನ್," ಎಂದ, ದುಃಖದ ಸುದ್ದಿ ತಿಳಿಸುವವನಂತೆ.

"ಅಯ್ಯೋ, ಬರೀ ಲಂಡನ್ನಾ?"

"ಬೇಜಾರು ಮಾಡ್ಕೋಬೇಡಿ. ನೀವೇ ನೋಡಿ, ನಾಲ್ಕೂ ಮೂಲೇಲಿ ಮೂರು ಮೂರು ಚುಕ್ಕಿ. ಅನುಮಾನವೇ ಇಲ್ಲ."

"ಮೇಷ್ಟ್ರು ಹೇಳಿದ ಮೇಲೆ ಮುಗೀತು," ಎಂದ ಸಂಘದ ಅಧ್ಯಕ್ಷ ಬೇಸಿಲ್ ಹಟ್, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ. "ಬಸ್ಸು ಓಡಿಸಿದಷ್ಟು ಸುಲಭ ಅಂದ್ಕೊಂಡ್ಯಾ ವೀರಾ?"

ಎಲ್ಲರೂ ನಕ್ಕರು. ಕ್ಲೆಮೆಂಟನೂ ದೊಡ್ಡ ಮನಸ್ಸು ಮಾಡಿ ನಕ್ಕ.

ವೀರಾ ಪೆನ್ನಿಯನ್ನು ಪಕ್ಕಕ್ಕಿಟ್ಟು, ಖಾಲಿ ಹಾಳೆಯನ್ನು ಮೇಜಿನ ದೀಪದ ಕೆಳಗೆ ಹುಷಾರಾಗಿ ಬಿಡಿಸಿದಳು. "ಹಂಗಾದ್ರೆ ನನ್ನ ಕೈಯೇ ಸರಿ ಇಲ್ಲ ಬಿಡಿ. ಪಾಠದಲ್ಲಿ ನೀವು ಹೇಳಿದ್ರಲ್ಲ ಮೇಷ್ಟ್ರೇ, ಸವೆದ ನಾಣ್ಯದ ಮೇಲೆ ಚಾಕಲೇಟ್ ಹಾಳೆ ಇಟ್ಟು ಬೆರಳಲ್ಲಿ ಮೆತ್ತಗೆ ಉಜ್ಜಿ, ಕಣ್ಣಿಗೆ ಕಾಣದ್ದೂ ಮೂಡುತ್ತೆ ಅಂತ? ನಿಮಗೆ ಕೊಡೋಕೆ ಮುಂಚೆ ಹಂಗೇ ಮಾಡಿದ್ದೆ. ಮೂರು ಮೂಲೇಲಿ ಚುಕ್ಕಿ ಚೆನ್ನಾಗೇ ಬಂದಿದೆ. ಈ ನಾಲ್ಕನೇದ್ರಲ್ಲಿ ಮಾತ್ರ, ಇಲ್ನೋಡಿ, ಯಾಕೋ ಚಿಪ್ಪಿನ ಥರ ಆಗ್ಬಿಟ್ಟಿದೆ." ಬೇಸಿಲ್ ಬಗ್ಗಿ ಹಾಳೆಯನ್ನು ನೋಡಿದ, ಪೆನ್ನಿಯನ್ನು ನೋಡಿದ, ಕೊನೆಗೆ ತಲೆಯೆತ್ತಿ ಮೇಷ್ಟರನ್ನು ನೋಡಿದ. ಅವನ ಬಿಸ್ಕತ್ತು ಕರಗಿ ಚಹಾದೊಳಗೆ ಬಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಯಾರೋ ಒಬ್ಬರು ಕ್ಲೆಮೆಂಟನ ಪಾಠವನ್ನು ಗಮನವಿಟ್ಟು ಕೇಳಿಸಿಕೊಂಡಿದ್ದರು.